ಅಪ್ಪನ ತಿಥಿ, ಅಂಡಮಾನಿನ ಸಮುದ್ರ

ಬಸವನಗುಡಿಯ ಮನೆಯಲ್ಲಿ ಅಮ್ಮ, ತಮ್ಮ, ನಾನು ಭಾನುವಾರದ ತಿಂಡಿಗೆ ಕೂತಿದ್ದೆವು. ಅಂಡಮಾನಿನಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಆಸೆ ನಮ್ಮಿಬ್ಬರಿಗೂ. ಮಳೆಗಾಲದಲ್ಲಿ ಸಮುದ್ರ ಕಲಕಿರುತ್ತದೆ, ಫೆಬ್ರವರಿಯಲ್ಲಿ ನೀರು ತಿಳಿ. ತಮ್ಮನಿಗೆ ರಜೆಯೂ ಆಗಲೇ. ಆದರೆ ಅಪ್ಪನ ತಿಥಿಯೂ ಅದೇ ವಾರ ಬಿದ್ದಿತ್ತು.

"ಈ ಸಲ ಮಠದಲ್ಲಿ ಹೇಳಿ ಮಾಡಿಸ್ಬಿಡೋಣಮ್ಮ, ನಾವಿರಲೇಬೇಕಾ?" ಎಂದೆ.

ಅಮ್ಮ ಚಟ್ನಿ ಬಡಿಸುತ್ತಲೇ, "ಮಾಡ್ಸಪ್ಪ. ಇದ್ದಾಗ್ಲೂ ನಿಮ್ಮಪ್ಪ ನಿಮ್ಮ ಸ್ಕೂಲ್ ರಜಾ ನೋಡ್ಕೊಂಡೇ ಎಲ್ಲಿಗಾದ್ರೂ ಹೊರಡ್ತಿದ್ದಿದ್ದು" ಎಂದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ತಮ್ಮ ಮೊಬೈಲನ್ನು ಮಗುಚಿಟ್ಟ.

ಪ್ರವಾಸ ಬಿಟ್ಟೆವು. ತಿಥಿಯ ದಿನ ನಮ್ಮ ಎಲೆಗೆ ವಡೆ ಹಾಕುತ್ತಾ ಅಮ್ಮ ಹೇಳಿದಳು: "ಪಂಚಾಂಗ ನೋಡಿದೆ ಕಣ್ರೋ. ಅಧಿಕಮಾಸ ಬರೋದ್ರಿಂದ ಮುಂದಿನ ವರ್ಷ ತಿಥಿ ಮಾರ್ಚಿಗೆ ಹೋಗತ್ತೆ. ಫೆಬ್ರವರಿಗೇ ಟಿಕೆಟ್ ಮಾಡ್ಸಿ."