ಕೆನ್ ನಕ್ಕ ಫೋಟೋ ಹುಡುಕಿದ್ದು

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿಗೆ ಬಂದ ಮೊದಲ ವಾರ ಪಕ್ಕದ ಮನೆಯ ಹೆಂಗಸು ಬೇಲಿಯ ಆಚೆಯಿಂದ "ಆಲ್‌ರೈಟ್, ಬ್ಯಾಬ್?" ಎಂದು ನನ್ನನ್ನು ಕೇಳಿದರು. ಯಾವುದೋ ಗಂಡಸಿನ ಹೆಸರಿಟ್ಟು ಕರೆಯುತ್ತಿದ್ದಾರೆ ಎಂದುಕೊಂಡು, ಬಹಳ ವಿನಯದಿಂದ, "ನನ್ನ ಹೆಸರು ಬಾಬ್ ಅಲ್ಲ, ಶೈಲಾ" ಎಂದು ತಿದ್ದಿದೆ. ಆಕೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬುಟ್ಟಿಗೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಒಳಗಿದ್ದ ಗಂಡನನ್ನು ಕೂಗಿ ಕರೆದು ಅವರಿಗೂ ಹೇಳಿದರು. ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ 'ಬ್ಯಾಬ್' ಎಂದರೆ ನಮ್ಮ ಧಾರವಾಡದಲ್ಲಿ ಹೆಣ್ಣುಮಕ್ಕಳನ್ನು 'ತಂಗೀ', 'ಯವ್ವಾ' ಎಂದ ಹಾಗೆ, ಅಕ್ಕರೆಯ ಮಾತು ಎಂದು ಆಮೇಲೆ ತಿಳಿಯಿತು. ಆ ಹೆಂಗಸು ಮೌರೀನ್. ಗಂಡ ಕೆನ್. ಅಂದಿನಿಂದ ಕೆನ್ ನನ್ನನ್ನು ಬಾಬ್ ಎಂದೇ ಕರೆದರು.

ಆಗ ನಮ್ಮ ರಸ್ತೆಯಲ್ಲಿ ನನ್ನ ಹತ್ತಿರ ಮಾತಾಡುತ್ತಿದ್ದವರು ಅವರಿಬ್ಬರೇ. ಧಾರವಾಡದಲ್ಲಿ ನಮ್ಮ ಮನೆಯ ಮುಂಬಾಗಿಲು ಹಾಕುತ್ತಿದ್ದುದು ಮಲಗುವ ಹೊತ್ತಿಗೆ. ಇಲ್ಲಿ ಬಾಗಿಲು ತೆರೆಯುವುದು ಪಾರ್ಸೆಲ್ ಬಂದಾಗ. ನನ್ನ ಗಂಡ ಪ್ರಸನ್ನ ಬೆಳಿಗ್ಗೆ ರೈಲು ಹಿಡಿದು ಆಫೀಸಿಗೆ ಹೋದರೆ, ಸಂಜೆಯವರೆಗೆ ನನ್ನ ಕನ್ನಡ ಕೇಳಿಸಿಕೊಳ್ಳಲು ಕುಕ್ಕರೊಂದೇ ಇತ್ತು. ಕಸದ ಗಾಡಿ ಬರುವ ದಿನಕ್ಕೆ ಇಲ್ಲಿ 'ಬಿನ್ ಡೇ' ಅನ್ನುತ್ತಾರೆ. ಯಾವ ವಾರ ಯಾವ ಬಣ್ಣದ ಡಬ್ಬಿ ಹೊರಗಿಡಬೇಕು ಎನ್ನುವುದು ನನಗೆ ಬೇಗ ತಲೆಗೆ ಹತ್ತಲಿಲ್ಲ. ಮರೆತ ದಿನ ಕಿಟಕಿಯಿಂದ ನೋಡಿದರೆ, ಕೆನ್ ಆಗಲೇ ನಮ್ಮ ಡಬ್ಬಿಯನ್ನೂ ಉರುಳಿಸಿಕೊಂಡು ಹೋಗಿ ಸರಿಯಾದ ಕಡೆ ನಿಲ್ಲಿಸಿರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಧಾರವಾಡದಿಂದ ಅಪ್ಪ ಬಂದರು. ಪೆಟ್ಟಿಗೆ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಕೊರಳಿಗೆ ಹಳೆಯ ಕ್ಯಾಮೆರಾ. ಅಪ್ಪನ ಇಂಗ್ಲಿಷ್ ಕೆನ್‌ಗೆ ಅರ್ಥವಾಗುತ್ತಿರಲಿಲ್ಲ, ಕೆನ್ ಅವರ ಬರ್ಮಿಂಗ್‌ಹ್ಯಾಮ್ ಇಂಗ್ಲಿಷ್ ಅಪ್ಪನಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಇಬ್ಬರೂ ನಮ್ಮ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಮಧ್ಯಾಹ್ನವೆಲ್ಲ ಕೂರುತ್ತಿದ್ದರು. ಅಲ್ಲೇ ಒಂದು ದಿನ ಕೆನ್ ರೊಟ್ಟಿಯ ಮೇಲೆ ಚಟ್ನಿಪುಡಿ ಸುರಿದುಕೊಂಡು ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ಬಂದು, ಉಸಿರು ಸಿಗದಷ್ಟು ನಕ್ಕಿದ್ದರು. ಅಪ್ಪನ ಕ್ಯಾಮೆರಾ ಆಗ ನನ್ನ ಕೈಯಲ್ಲಿತ್ತು.

ಈ ವರ್ಷ ಚಳಿಗಾಲದಲ್ಲಿ ಕೆನ್ ತೀರಿಕೊಂಡರು. ನಮ್ಮಲ್ಲಾದರೆ ಸಂಜೆಯೊಳಗೆ ಎಲ್ಲ ಮುಗಿದಿರುತ್ತಿತ್ತು. ಇಲ್ಲಿ ಅಂತ್ಯಕ್ರಿಯೆಗೆ ವಾರಗಟ್ಟಲೆ ಕಾಯಬೇಕು. ಇದೆಂಥ ಕ್ರೌರ್ಯ ಎಂದು ಮೊದಲು ಅನಿಸಿತು. ಬೇಳೆಸಾರು ಹಿಡಿದುಕೊಂಡು ಹೋದಾಗ ಮೌರೀನ್ ಅಡುಗೆಮನೆಯ ಮೇಜಿನ ತುಂಬ ಆಲ್ಬಮ್ ಹರಡಿಕೊಂಡು ಕೂತಿದ್ದರು. ಅಂತ್ಯಕ್ರಿಯೆಯ ದಿನ ಎಲ್ಲರ ಕೈಗೆ ಕೊಡುವ ಪುಟ್ಟ ಪುಸ್ತಿಕೆಗೆ ಒಂದು ಮುಖಚಿತ್ರ ಬೇಕಿತ್ತು.

"ಇಡೀ ಜನ್ಮ ಕ್ಯಾಮೆರಾದ ಹಿಂದೆಯೇ ನಿಂತ ಮನುಷ್ಯ ನೋಡು, ಬ್ಯಾಬ್. ನನ್ನವೇ ಇವೆ. ಅವನದು ಎರಡೋ ಮೂರೋ, ಅದರಲ್ಲೂ ಪಾಸ್‌ಪೋರ್ಟಿನ ಮುಖ. ನನ್ನ ಕೆನ್ ಹಾಗಿರಲಿಲ್ಲ."

"ನನ್ನ ಹತ್ತಿರ ಒಂದಿದೆ" ಎಂದೆ. "ಅದರಲ್ಲಿ ಅವರು ನಗುತ್ತಿದ್ದಾರೆ."

ಹೇಳಿ ಮನೆಗೆ ಬಂದೆ. ಫೋನಿನಲ್ಲಿ ಸಿಕ್ಕಿದ್ದು ವಾಟ್ಸಾಪಿನಲ್ಲಿ ಓಡಾಡಿ ಸವೆದ ಪ್ರತಿ. ದೊಡ್ಡದು ಮಾಡಿದರೆ ಕೆನ್ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಅಚ್ಚಿಗೆ ಮೂಲ ಫೈಲೇ ಬೇಕು, ಅಪ್ಪನ ಕ್ಯಾಮೆರಾದಿಂದ ಆಗ ಇಳಿಸಿಕೊಂಡಿದ್ದ ಅದು ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲೋ ಇರಬೇಕು. ಆ ಲ್ಯಾಪ್‌ಟಾಪೋ, ಸ್ವಲ್ಪ ಬಿಸಿಯಾದರೆ ಫ್ಯಾನು ಕಿರುಚಿಕೊಂಡು ತಾನಾಗಿ ಆರಿಹೋಗುತ್ತಿತ್ತು.

ಪಿಕ್ಚರ್ಸ್ ಫೋಲ್ಡರಿನಲ್ಲಿ ನಾವು ಮೊದಲ ಸಲ ಕಂಡ ಹಿಮದ ಫೋಟೋ ಬಿಟ್ಟರೆ ಬೇರೇನಿಲ್ಲ. ಡೌನ್‌ಲೋಡ್ಸಿನಲ್ಲಿ ಕೌನ್ಸಿಲ್ ಟ್ಯಾಕ್ಸಿನ ಬಿಲ್ಲುಗಳ ನಡುವೆ ತಂಗಿಯ ಮದುವೆ. ಡೆಸ್ಕ್‌ಟಾಪಿನಲ್ಲಿ 'ಆಮೇಲೆ ನೋಡೋಣ' ಎಂಬ ಫೋಲ್ಡರು, ಅದರೊಳಗೆ ಯಾವುದೋ ಫೋನಿನಿಂದ ಅರ್ಧ ಮಾತ್ರ ನಕಲಾದ ಫೋಟೋಗಳು. ಎರಡು ಸಲ ಲ್ಯಾಪ್‌ಟಾಪ್ ಆರಿತು. ಆಫೀಸಿನಿಂದ ಬಂದ ಪ್ರಸನ್ನ ನಿಂತಲ್ಲೇ ಹೇಳಿದ:

"ಒಂದು ಫೋಟೋ ಹುಡುಕ್ತಾ ಕೂತ್ರೆ ಅಷ್ಟರಲ್ಲಿ ಇದು ಸತ್ತೇ ಹೋಗುತ್ತೆ ಶೈಲಾ. ಮೊದಲು ಇರೋದೆಲ್ಲಾನೂ ಹೊರಗೆ ತೆಗಿ. ಆಮೇಲೆ ಹುಡುಕು."

ಮೈಸೂರಿನವನು, ಉಪದೇಶ ಮೃದುವಾಗಿಯೇ ಮಾಡುತ್ತಾನೆ. ಆದರೆ ಮಾತು ಸರಿಯಿತ್ತು. ಮರುದಿನ ಹೊಸ ಹಾರ್ಡ್ ಡಿಸ್ಕ್ ತಂದೆ. ಫೋಲ್ಡರುಗಳನ್ನು ಒಂದೊಂದಾಗಿ ತೆರೆಯುವುದು ಬಿಟ್ಟು, ಇಡೀ ಕಂಪ್ಯೂಟರಿನಲ್ಲಿ ಒಮ್ಮೆಲೇ, ಫೋಟೋ ಫೈಲಿನ ಹೆಸರಿನ ಬಾಲದಲ್ಲಿರುವ ಜೆಪಿಜಿ ಅಕ್ಷರಗಳನ್ನು ಹುಡುಕಲು ಕೊಟ್ಟೆ. ಪರದೆಯ ಮೇಲೆ ಪ್ರವಾಹ! ನಮ್ಮ ಫೋಟೋಗಳ ಜೊತೆ ಯಾವ್ಯಾವುದೋ ಪ್ರೋಗ್ರಾಮಿನ ಗುಂಡಿ, ಬಾಣದ ಗುರುತು, ಜಾಹೀರಾತಿನ ಚೂರುಗಳೂ ಬಂದವು. ಗಾತ್ರದ ಪ್ರಕಾರ ಜೋಡಿಸಿದೆ. ಜೊಳ್ಳೆಲ್ಲ ಕೆಳಗಿಳಿದು ದೊಡ್ಡ ಫೈಲುಗಳು ಮೇಲೆ ನಿಂತವು.

ಅವು ಡಿಸ್ಕಿಗೆ ನಕಲಾಗಲು ಶುರುವಾಗಿ ಕಾಲು ಭಾಗ ಮುಗಿಯುವುದರೊಳಗೆ ಫ್ಯಾನು ಕಿರುಚತೊಡಗಿತು. ಏನು ತೋಚಿತೋ, ಲ್ಯಾಪ್‌ಟಾಪನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು ಕಿಟಕಿ ಪೂರಾ ತೆರೆದೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ನಾನು ಕೋಟು, ಟೋಪಿ ಹಾಕಿಕೊಂಡು ಅದರ ಮುಂದೆ ಕಾವಲು ಕೂತೆ. ಫ್ಯಾನಿನ ಕೂಗು ಇಳಿಯಿತು. ಈ ದೇಶದ ಚಳಿಯನ್ನು ಬಂದಾಗಿನಿಂದ ಬೈದುಕೊಂಡೇ ಬಂದವಳು ಆವತ್ತು ಅದಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಫೋಟೋಗಳೂ ಡಿಸ್ಕಿನಲ್ಲಿದ್ದವು.

ಆದರೆ ಕೆನ್ ಇರಲಿಲ್ಲ. ಫೋಟೋ ತೆಗೆದ ತಾರೀಖಿನ ಪ್ರಕಾರ ಜೋಡಿಸಿ, ಅಪ್ಪ ಬಂದಿದ್ದ ಬೇಸಿಗೆಗೆ ಹೋದರೆ ಅಲ್ಲಿ ಪ್ರಸನ್ನನ ಆಫೀಸಿನ ಪಿಕ್ನಿಕ್ ಮಾತ್ರ. ಧಾರವಾಡಕ್ಕೆ ಫೋನ್ ಮಾಡಿದೆ.

"ಅಪ್ಪಾ, ಕೆನ್ ರೊಟ್ಟಿ ತಿಂದಿದ್ದ ಫೋಟೋ ಆ ಬೇಸಗಿ ಒಳಗ ಸಿಗವಲ್ದು."

"ಬೇಸಗಿ ಒಳಗ ಯಾಕ ಹುಡುಕ್ತೀ? ನನ್ನ ಕ್ಯಾಮೆರಾಕ ತಾರೀಖು ಅನ್ನೂದು ಗೊತ್ತೇ ಇಲ್ಲವಾ. ಸೆಲ್ ತಗದು ಹಾಕಿದಾಗೊಮ್ಮೆ ತಾ ಹುಟ್ಟಿದ ವರ್ಷಕ್ಕ ಹೋಗಿ ಕುಂದರ್ತದ. ಹಿಂದಕ ಹೋಗು, ಪೂರಾ ಹಿಂದಕ."

ಪಟ್ಟಿಯ ಕಟ್ಟಕಡೆಗೆ ಇಳಿದೆ. ನಾವು ಇಂಗ್ಲೆಂಡಿನ ಮುಖ ನೋಡುವುದಕ್ಕೂ ಎಷ್ಟೋ ವರ್ಷ ಹಿಂದಿನ ತಾರೀಖಿನಡಿ ನಮ್ಮ ಸಟನ್ ಹಿತ್ತಲು, ಹಸಿರು ಹುಲ್ಲು, ಎರಡು ಕುರ್ಚಿ. ಕೆನ್! ಕಣ್ಣ ತುಂಬ ನೀರು, ಗಲ್ಲದ ಮೇಲೆ ಚಟ್ನಿಪುಡಿ, ಬಾಯ್ತುಂಬ ನಗು. ಎಷ್ಟು ದೊಡ್ಡದು ಮಾಡಿದರೂ ಒಂದೊಂದು ರೆಪ್ಪೆಯೂ ಕಾಣುತ್ತಿತ್ತು.

"ಸಿಕ್ತಪ್ಪಾ!" ಎಂದು ನಾನು ಕೂಗಿದ್ದು ತೆರೆದ ಕಿಟಕಿಯಿಂದ ರಸ್ತೆಗೂ ಕೇಳಿಸಿರಬೇಕು. ನಾಯಿ ಹಿಡಿದುಕೊಂಡು ಹೋಗುತ್ತಿದ್ದವರೊಬ್ಬರು ತಲೆಯೆತ್ತಿ ನೋಡಿ ಕೈಬೀಸಿದರು. ನಾನೂ ಬೀಸಿದೆ.

ಡಿಸ್ಕನ್ನು ನಾವು ಈಗ ಬಳಸುವ ಹೊಸ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡು ಮೌರೀನ್ ಮನೆಗೆ ಹೋದೆ. ಅವರು ಪರದೆಯ ಹತ್ತಿರ ಬಂದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಇವನೇ. ಇವನೇ ನನ್ನ ಕೆನ್" ಎಂದರು. ಆಮೇಲೆ ಫೋಟೋದ ಅಂಚಿಗೆ ಬೆರಳಿಟ್ಟರು. "ಈ ಕೈ ಯಾರದು?"

ಕೆನ್ ಹೆಗಲ ಮೇಲೆ ತಾಮ್ರದ ಉಂಗುರದ ಒಂದು ಕೈ ಇತ್ತು. ಅಪ್ಪನದು.

"ಅದನ್ನ ಕತ್ತರಿಸೋದು ಸುಲಭ" ಎಂದೆ.

"ಏನೂ ಬೇಡ. ಅದು ಅಲ್ಲೇ ಇರಲಿ."

ಅಂತ್ಯಕ್ರಿಯೆಯ ದಿನ ಆ ಪುಸ್ತಿಕೆ ಎಲ್ಲರ ಕೈಯಲ್ಲಿತ್ತು. ಒಳಗೆ ಬರುತ್ತಾ ಮುಖ ಬಿಗಿದುಕೊಂಡಿದ್ದವರು ಮುಖಚಿತ್ರ ನೋಡಿ ನಗುತ್ತಿದ್ದರು, ಅಳುತ್ತಿದ್ದವರೂ ನಕ್ಕರು. ಚಹಾದ ಹೊತ್ತಿಗೆ ಮೌರೀನ್ ನನ್ನ ತೋಳು ಹಿಡಿದು ಒಬ್ಬೊಬ್ಬರ ಬಳಿಯೂ ಕರೆದೊಯ್ದು, "ಇದನ್ನು ಹುಡುಕಿ ತಂದವಳು ಇವಳೇ, ಆ ಕೈ ಇವಳ ಅಪ್ಪನದು" ಎಂದು ಹೇಳಿದರು. ಕಾಯುವ ಆ ವಾರಗಳು ಯಾತಕ್ಕೆ ಎಂದು ನನಗೆ ಆಗ ಅರ್ಥವಾಯಿತು. ಸಂಜೆ ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ಪುಸ್ತಿಕೆ ತೋರಿಸಿದರೆ, ಅವರು "ನಾ ಹೊಳ್ಳಿ ಬಂದೆ, ಕೈ ಅಲ್ಲೇ ಬಿಟ್ಟು ಬಂದೆ ನೋಡವಾ" ಎಂದರು.

ಎಲ್ಲ ಫೋಟೋಗಳೂ ಒಂದೇ ಮನೆಯಲ್ಲಿರಬಾರದು, ಬ್ಯಾಕಪ್ ಎಂಬ ಮೀಸಲು ಪ್ರತಿ ಬೇರೆ ಕಡೆ ಇರಬೇಕು ಎಂದು ಪ್ರಸನ್ನ ಇನ್ನೊಂದು ಡಿಸ್ಕ್ ತಂದ. ಅದಕ್ಕೂ ಎಲ್ಲವನ್ನೂ ತುಂಬಿದ್ದಾಯಿತು. ಒಂದು ಇಲ್ಲಿ ಕಪಾಟಿನಲ್ಲಿರುತ್ತದೆ, ಇನ್ನೊಂದು ಮುಂದಿನ ರಜೆಯಲ್ಲಿ ಧಾರವಾಡಕ್ಕೆ ಹೋಗುತ್ತದೆ. ಗುರುತಿಗೆ ಚೀಟಿ ಅಂಟಿಸಿ, ಪೆನ್ನು ಹಿಡಿದು ಪ್ರಸನ್ನನನ್ನು ಕೇಳಿದೆ:

"ಬ್ಯಾಕಪ್ ಅಂತ ಯಾವುದರ ಮೇಲೆ ಬರೀಲಿ? ಅಲ್ಲಿಗೆ ಹೋಗೋದರ ಮೇಲೋ, ಇಲ್ಲಿರೋದರ ಮೇಲೋ?"

"ನೀನೇ ಹೇಳು. ನಮಗೆ ಅಸಲಿ ಯಾವುದು, ನಕಲು ಯಾವುದು?"

ಎರಡು ಡಿಸ್ಕನ್ನೂ ಪಕ್ಕಪಕ್ಕ ಇಟ್ಟುಕೊಂಡೆ. ಆಮೇಲೆ ಎರಡರ ಮೇಲೂ 'ಫೋಟೋ' ಎಂದಷ್ಟೇ ಬರೆದು ಪೆನ್ನಿನ ಮುಚ್ಚಳ ಹಾಕಿದೆ.