ಒರಳಿನಲ್ಲಿ ನೆಟ್ಟ ಡಿಶ್

ಇಲ್ಲಿ ಬರೆಯುತ್ತಿರುವುದರಲ್ಲಿ ಒಂದೆರಡು ವಿವರಗಳಾದರೂ ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಗ ರಾಮನಗರ ಜಿಲ್ಲೆಯಾಗಿತ್ತೋ, ಇನ್ನೂ ಆಗಬೇಕಾಗಿತ್ತೋ. ಡಿಶ್ ಕೂರಿಸಲು ಬಂದವನು ಮೊದಲ ದಿನ ಮೊಪೆಡ್ಡಿನಲ್ಲಿ ಬಂದನೋ ಬಸ್ಸಿನಲ್ಲೋ. ಅತ್ತೆಯ ಮೊರದಲ್ಲಿದ್ದದ್ದು ಅವರೆಕಾಯಿಯೋ ತೊಗರಿಕಾಯಿಯೋ. ದಿನಚರಿ ಬರೆಯುವ ಅಭ್ಯಾಸ ವಿಶ್ವವಿದ್ಯಾನಿಲಯದ ಹಾಸ್ಟೆಲಿನಿಂದ ನನಗೆ ಅಂಟಿಕೊಂಡು ಬಂದದ್ದು. ದಿನಚರಿ ಬರೆಯುವವರಿಗೆ ಎಲ್ಲವೂ ನೆನಪಿರುತ್ತದೆ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬರೆದಿಟ್ಟದ್ದನ್ನು ಮನಸ್ಸು ಮೂಟೆ ಇಳಿಸಿದ ಹಮಾಲಿಯಂತೆ ಅಲ್ಲೇ ಬಿಟ್ಟು ಹೊರಟುಹೋಗುತ್ತದೆ; ವರ್ಷಗಳ ಮೇಲೆ ಪುಟ ತೆರೆದರೆ ಅಲ್ಲಿರುವುದು ನಡೆದದ್ದೋ, ಹಾಗೆ ನಡೆದಿದ್ದರೆ ಚೆನ್ನಾಗಿತ್ತು ಎಂದು ನಾನು ಅಂದುಕೊಂಡದ್ದೋ ಹೇಳುವ ಸಾಕ್ಷಿ ಇರುವುದಿಲ್ಲ.

ಸಂಗತಿ ಅತಿ ಸಣ್ಣದು. ನಮ್ಮೂರಿನ ಬಾಲ್ಕನಿಗಳಲ್ಲಿರುವ ಡಿಶ್ಶುಗಳೆಲ್ಲ ಒಂದೇ ಕಡೆಗೆ ಮುಖ ಮಾಡಿ ನಿಂತಿರುವುದನ್ನು ನೀವೂ ಗಮನಿಸಿರಬಹುದು. ಚನ್ನಪಟ್ಟಣದ ಕಾಲೇಜಿಗೆ ಪಾಠ ಹೇಳಲು ಹೋಗುವ ನಾನು ಬೆಳಗಿನ ಬಸ್ಸಿನ ಕಿಟಕಿಯಿಂದ ಅವನ್ನು ನೋಡುತ್ತಾ ಹೋಗುತ್ತೇನೆ. ಜಾತಿ, ಮತ, ಬಾಡಿಗೆ, ಅಂತಸ್ತು ಯಾವುದರಲ್ಲೂ ಒಮ್ಮತವಿಲ್ಲದ ಬೀದಿಯೊಂದು ಆಗ್ನೇಯದ ವಿಷಯದಲ್ಲಿ ಮಾತ್ರ ಇಷ್ಟು ಏಕನಿಷ್ಠೆಯಿಂದ ಇರುವುದು ನನಗೆ ಸದಾ ವಿಸ್ಮಯ. ವಾಸ್ತು ಬಲ್ಲವರು ಆಗ್ನೇಯವನ್ನು ಅಡುಗೆಯ ಮೂಲೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಡಿಶ್ಶಿಗೂ ಅಡುಗೆಗೂ ನೆಂಟಸ್ತನ ಬೆಳೆದದ್ದು ಮಾತ್ರ ವಾಸ್ತುವಿನಿಂದಲ್ಲ, ಮನೆ ಮಾಲೀಕರ ಒಂದು ಷರತ್ತಿನಿಂದ.

ನಮ್ಮವರಿಗೆ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ. ನಾವು ಬಾಡಿಗೆಗಿರುವುದು ರಾಮನಗರದಲ್ಲಿ, ಮೂರು ಅಂತಸ್ತಿನದಾದ್ದರಿಂದ ತನ್ನನ್ನು ತಾನೇ ಅಪಾರ್ಟ್‌ಮೆಂಟ್ ಎಂದು ಕರೆದುಕೊಂಡ ಒಂದು ಕಟ್ಟಡದ ಎರಡನೆಯ ಮಹಡಿ. ಅದೇ ಜಾಗದಲ್ಲಿ ಮೊದಲು ಮಾಲೀಕರ ರೇಷ್ಮೆ ನೂಲು ತೆಗೆಯುವ ಘಟಕವಿತ್ತಂತೆ. ಎಲ್ಲರೂ ಸಾಹೇಬರು ಎಂದು ಕರೆಯುವ ಆ ಹಿರಿಯರು ಬೀಗದ ಕೈ ಕೊಡುವ ದಿನ ಗೋಡೆಯನ್ನು ಹಸುವಿನ ಬೆನ್ನು ಸವರುವಂತೆ ಸವರಿ ಹೇಳಿದ್ದರು: “ಇಪ್ಪತ್ತು ವರ್ಸ ಗೂಡು ಬೇಯ್ಸಿದ ಹಬೆಲಿ ಗೋಡೆ ನೆನೆದಿದ್ದು ನೋಡಿದೀನಿ ಮೇಡಂ. ಈ ಗೋಡೆ ಒಣಗಿರ್ಲಿ. ಮೊಳೆ ಬ್ಯಾಡ, ಡ್ರಿಲ್ಲು ಬ್ಯಾಡ. ಒಂದು ತೂತು ಬಿದ್ರೆ ಸಾಕು, ನೀರು ದಾರಿ ಕಲ್ತುಬಿಡ್ತದೆ.” ಟೆರೇಸು ಅವರ ಸಂಸಾರದ್ದು, ಅದರ ಮಾತೇ ಇಲ್ಲ. ನಾವು ಕ್ಯಾಲೆಂಡರನ್ನೂ ಕಿಟಕಿಯ ಸರಳಿಗೆ ತೂಗುಹಾಕಿದೆವು.

ಹೆದ್ದಾರಿ ಅಗಲವಾಗುತ್ತಿದ್ದ ಕಾಲ ಅದು. ಅಗೆಯುವ ಯಂತ್ರ ಎರಡು ದಿನಕ್ಕೊಮ್ಮೆ ಟಿ.ವಿ.ಯ ಕೇಬಲ್ಲನ್ನು ಕತ್ತರಿಸುತ್ತಿತ್ತು. ಡಿಶ್ ಹಾಕಿಸೋಣ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಹಗಲೆಲ್ಲ ಒಬ್ಬರೇ ಇರುವ ಅತ್ತೆಗೆ ಬೇಸರ ಕಳೆಯಲಿ ಎಂಬ ಉದಾತ್ತ ಕಾರಣವನ್ನೂ ಕೊಟ್ಟುಕೊಂಡೆವು. ಅತ್ತೆ ಟಿ.ವಿ. ಬೇಕೆಂದು ಎಂದೂ ಕೇಳಿರಲಿಲ್ಲ. ಕ್ರಿಕೆಟ್ಟು ಬೇಕಾಗಿದ್ದದ್ದು ಅವರ ಮಗನಿಗೆ, ಧಾರಾವಾಹಿ ಬೇಕಾಗಿದ್ದದ್ದು, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಸ್ನಾತಕೋತ್ತರ ಪದವಿ ಪಡೆದ ಸೊಸೆಗೆ.

ಅತ್ತೆ ಮರಳವಾಡಿಯ ಕಡೆಯವರು. ಅವರ ಹೊಲವೂ ಮನೆಯೂ ಕೈಗಾರಿಕಾ ಪ್ರದೇಶದ ಗೆರೆಯೊಳಗೆ ಬಂದಾಗ ತೊಲೆ, ಬಾಗಿಲು, ಹೆಂಚು ಎಲ್ಲವನ್ನೂ ಕೊಂಡವರು ಕೊಂಡುಹೋದರು. ಅತ್ತೆ ಲಗೇಜ್ ಆಟೋದಲ್ಲಿ ತಂದದ್ದು ಒಂದು ಟ್ರಂಕು ಮತ್ತು ಒಂದು ಒರಳುಕಲ್ಲು. ಗೇಣುದ್ದ ಆಳದ ಗುಳಿಯ ಆ ಕಲ್ಲನ್ನು ನಾಲ್ಕು ಜನ ಮೆಟ್ಟಿಲು ಮೆಟ್ಟಿಲಿಗೂ ದೇವರನ್ನು ನೆನೆಯುತ್ತ ಎರಡನೆಯ ಮಹಡಿಗೆ ಹತ್ತಿಸಿದ್ದು ದಿನಚರಿಯಲ್ಲೂ ಇದೆ, ನೆನಪಿನಲ್ಲೂ ಇದೆ.

“ಅವ್ವ, ಮನೇಲಿ ಮಿಕ್ಸಿ ಐತಲ್ಲ,” ಎಂದರು ನಮ್ಮವರು.

“ಅದು ಕೆಟ್ಟೋದ್ರೆ?”

“ರಿಪೇರಿ ಮಾಡಿಸ್ತೀವಿ.”

“ಇದು ಕೆಡಾಕಿಲ್ಲ ಕಣಪ್ಪ,” ಎಂದು ಅತ್ತೆ ಮಾತು ಮುಗಿಸಿದರು. ಒರಳು ಬಾಲ್ಕನಿಯ ಮೂಲೆ ಸೇರಿತು. ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ. ಉಳಿದ ದಿನ ಅದರ ಮೇಲೊಂದು ಮೊರ.

ಡಿಶ್ ಕೂರಿಸಲು ಬಂದವನು ಚನ್ನಪಟ್ಟಣದ ನಾಗರಾಜ. ವಂಶಪಾರಂಪರ್ಯವಾಗಿ ಗೊಂಬೆ ಕಡೆಯುವವನು; ಮರದ ಗೊಂಬೆಗೆ ಬೇಡಿಕೆ ಇಳಿದ ತಿಂಗಳುಗಳಲ್ಲಿ ಡಿಶ್ ಕೂರಿಸುತ್ತಿದ್ದ. ಡ್ರಿಲ್ ಮಾಡುವಂತಿಲ್ಲ ಎಂದಾಗ ಅವನು ಮದುವೆಯೂಟಕ್ಕೆ ಕರೆದು ಎಲೆ ಹಾಕದವರನ್ನು ನೋಡುವಂತೆ ನನ್ನನ್ನು ನೋಡಿದ. ಬಾಲ್ಕನಿ ಕಟಕಟೆಯ ಸರಳಿಗೆ ತಂತಿಯಿಂದ ಬಿಗಿದ; ಡಿಶ್ ತಲೆಯಾಡಿಸಿತು. ಬಣ್ಣದ ಬಕೆಟ್ಟಿಗೆ ಮರಳು ತುಂಬಿ ಕೊಳವೆ ನೆಟ್ಟ. ಬೆಟ್ಟದ ಕಡೆಯಿಂದ ಬೀಸಿದ ಮೊದಲ ಗಾಳಿಗೆ ಬಕೆಟ್ಟು ಮಗುಚಿತು. ಆಮೇಲೆ ನಮ್ಮ ದೃಷ್ಟಿ ಒರಳಿನ ಮೇಲೆ ಬಿತ್ತು.

ನನ್ನ ತೊಡಕು ಇರುವುದು ಇಲ್ಲಿಯೇ. ಆ ದಿನದ ದಿನಚರಿಯಲ್ಲಿ ಸ್ಪಷ್ಟವಾಗಿ, ನನ್ನದೇ ಅಕ್ಷರದಲ್ಲಿ, “ಅತ್ತೆಯೇ ಮುಂದೆ ಬಂದು ಒರಳು ಕೊಟ್ಟರು” ಎಂದಿದೆ. ಕಣ್ಣು ಮುಚ್ಚಿದರೆ ಕಾಣುವುದು ಬೇರೆ. ನಾನು ನಾಗರಾಜನಿಗೆ “ಇದರಲ್ಲಿ ನಿಲ್ಲಿಸಲು ಆಗುತ್ತದೆಯೇ?” ಎಂದು ಕೇಳುತ್ತಿದ್ದೇನೆ, ಹೊಸ್ತಿಲ ಬಳಿ ಕೂತ ಅತ್ತೆ ಎದ್ದು ಬಂದು, ಒಂದು ಮಾತೂ ಆಡದೆ, ಒರಳಿನ ಮೇಲಿದ್ದ ಮೊರವನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಾರೆ. ಮೊರ ಎತ್ತಿಕೊಳ್ಳುವುದು ಕೊಡುವುದೇ? ಬಿಟ್ಟುಕೊಡುವುದೇ? ಟ್ರಂಕು ಬಿಟ್ಟರೆ ಊರಿನಿಂದ ಬಂದ ಒಂದೇ ಒಂದು ವಸ್ತುವನ್ನು ಅವರು ಕೊಟ್ಟರೋ, ನಾನು ತೆಗೆದುಕೊಂಡೆನೋ ಎಂಬುದು ಅಂದು ನನಗೆ ಪ್ರಶ್ನೆಯಾಗಿ ತೋರಲಿಲ್ಲ. ತೋರಿದ್ದರೆ ದಿನಚರಿಯಲ್ಲಿ ಆ ‘ಯೇ’ ಅಷ್ಟು ಒತ್ತಿ ಬರೆಯುತ್ತಿರಲಿಲ್ಲವೇನೋ.

ನಾಗರಾಜ ಗುಳಿಯ ಅಳತೆಯನ್ನು ದಾರದಿಂದ ತೆಗೆದುಕೊಂಡು ಹೋದ. ಎರಡು ದಿನ ಬಿಟ್ಟು ಬಂದಾಗ ಅವನ ಚೀಲದಲ್ಲಿದ್ದದ್ದು ಲೇತಿನಲ್ಲಿ ಕಡೆದ, ದೈತ್ಯನ ಮಗು ಆಡುವ ಬುಗುರಿಯಂತಿದ್ದ ಒಂದು ಮರದ ಬೆಣೆ. ನಡುವೆ ಕೊಳವೆ ತೂರಲು ರಂಧ್ರ. ಗೊಂಬೆಗೆ ಹಚ್ಚುವಂತೆಯೇ ಅದಕ್ಕೆ ಸುತ್ತಲೂ ಕೆಂಪು ಅರಗು ಹಚ್ಚಿ, ತಾಳೆಗರಿಯಿಂದ ಉಜ್ಜಿ, ಮುಖ ಕಾಣುವಂತೆ ಹೊಳಪು ಬರಿಸಿದ್ದ. “ಅರಗು ಹಚ್ಚಿದ್ರೆ ನೀರು ಕುಡಿಯಾಕಿಲ್ಲ ಮೇಡಂ. ಮಳೆ ಬಂದ್ರೂ ಏನೂ ಆಗಾಕಿಲ್ಲ,” ಎಂದ. ಒರಳಿನೊಳಗೆ ಹೋಗಿ ಯಾರಿಗೂ ಕಾಣದಂತಾಗುವ ವಸ್ತುವಿಗೆ ಅಷ್ಟೊಂದು ಚೆಲುವು ಏಕೆ ಎಂದು ಕೇಳಿದ್ದಕ್ಕೆ, “ಹಂಗೇ ಬುಡಾಕೆ ಕೈ ಕೇಳಬೇಕಲ್ಲ ಮೇಡಂ” ಎಂದು ನಕ್ಕ.

ಬೆಣೆ ಗುಳಿಯಲ್ಲಿ ಕೂತಿತು, ಬೆಣೆಯಲ್ಲಿ ಕೊಳವೆ, ಕೊಳವೆಯ ತುದಿಗೆ ಡಿಶ್. ಅವನು ಹೊರಗೆ, ನಾನು ಟಿ.ವಿ.ಯ ಮುಂದೆ.

“ಬಂತಾ ಮೇಡಂ?”

“ಇಲ್ಲ.”

“ಈಗ?”

“ಒಸಿ ಬಂತು. ಹೋಯ್ತು.”

“ಹೋದದ್ದು ಹೋಗ್ಲಿ ಬುಡವ್ವ,” ಎಂದರು ಅಡುಗೆಮನೆಯಿಂದ ಅತ್ತೆ, “ಬರೋವಷ್ಟು ಬರ್ಲಿ.” ಆ ಹೊತ್ತಿಗೆ ಚಿತ್ರ ಬಂತು. ಸಾಹೇಬರು ಮೇಲಿಂದ ಇಳಿದು ಬಂದು, ಗೋಡೆಯನ್ನು ನಾಲ್ಕು ಕಡೆ ಪರೀಕ್ಷಿಸಿ, ಒಂದು ಗೀರೂ ಇಲ್ಲದ್ದನ್ನು ಕಂಡು, ಒರಳಿಗೆ ಒಂದು ಸಲಾಮು ಹೊಡೆದು ಹೋದರು.

ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಮಧ್ಯಾಹ್ನದ ಹೊತ್ತು ಚಿತ್ರ ಚೌಕಚೌಕವಾಗಿ ಒಡೆಯತೊಡಗಿತು. ಮುಟ್ಟಿ ನೋಡಿದರೆ ಕೊಳವೆ ಬೆಣೆಯ ಸಮೇತ ತಿರುಗುತ್ತಿತ್ತು. ನಾಗರಾಜ ಬಂದ, ಬೆಣೆ ತೆಗೆದು ಇನ್ನೊಂದು ಪದರ ಅರಗು ಹಚ್ಚಿದ, ವಾರದೊಳಗೆ ಅದೇ ಕಥೆ. ಮೂರನೆಯ ಸಲ ಅವನು ಬಂದಾಗ ಅತ್ತೆ ಒಳಗಿನಿಂದ ಈಳಿಗೆಮಣೆ ತಂದು ಕೂತರು.

“ಗುದ್ದಲಿ ಕಾವು ಸಡಿಲಾದ್ರೆ ಏನ್ ಮಾಡ್ತಾರಪ್ಪ?”

“ನೀರಾಗೆ ನೆನಸ್ತಾರೆ ಅವ್ವಾರೇ.”

“ಮರ ನೀರು ಕುಡುದ್ರೆ ತಾನೆ ಕಚ್ಕೊಳೋದು? ನೀನು ಅದರ ಬಾಯಿಗೇ ಬಣ್ಣ ಬಳ್ದು ಕೂರ್ಸಿದೀಯ. ಗೊಂಬೆ ಮಾಡೋನು ಗೊಂಬೇನೇ ಮಾಡ್ದೆ.”

ನಾಗರಾಜ ತಲೆ ತಗ್ಗಿಸಿದ. ಆದರೆ ಅತ್ತೆ ಈಳಿಗೆಯಿಂದ ಆ ಕೆಂಪು ಹೊಳಪನ್ನು ಹೆರೆಯುವಾಗ ಮುಖ ಬೇರೆಡೆಗೆ ತಿರುಗಿಸಿಕೊಂಡ. ಕೊರಳ ಬಳಿಯ ಒಂದು ಉಂಗುರದಷ್ಟು ಅರಗನ್ನು ಅತ್ತೆ ಹಾಗೆಯೇ ಬಿಟ್ಟರು. ಚೆಂದಕ್ಕೆ ಬಿಟ್ಟರೋ, ಅವನಿಗಾಗಿಯೋ, ಕೈ ಸೋತಿತೋ, ನನಗೆ ತಿಳಿಯದು. ಅಂದಿನಿಂದ ದಿನಾ ಬೆಳಿಗ್ಗೆ ಒಂದು ಚೊಂಬು ನೀರನ್ನು ಒರಳಿಗೆ ಸುರಿಯುವುದು ಅತ್ತೆಯ ನಿತ್ಯಕರ್ಮಗಳಲ್ಲಿ ಸೇರಿತು. ಡಿಶ್ ಆಗ್ನೇಯದಿಂದ ಕದಲಲಿಲ್ಲ. ನಾವು ಧಾರಾವಾಹಿ ನೋಡಿದೆವು. ಅತ್ತೆ ಟಿ.ವಿ.ಗೆ ಬೆನ್ನು ಹಾಕಿ ಬಾಲ್ಕನಿಯಲ್ಲಿ ಕೂರುತ್ತಿದ್ದರು.

ವೈಶಾಖದಲ್ಲಿ ಬೈರಾಪಟ್ಟಣದಿಂದ ಫೋನು ಬಂತು. ಅಲ್ಲಿ ನನ್ನ ನಾದಿನಿ, ಅಂದರೆ ಅತ್ತೆಯ ಮಗಳು, ತನ್ನ ಮಗಳ ಮದುವೆಗೆ ಸಿದ್ಧತೆ ನಡೆಸಿದ್ದಳು. ನಮ್ಮ ಕಡೆ ಮದುವೆಮನೆಯ ಕೆಲಸ ಶುರುವಾಗುವುದು ಮುತ್ತೈದೆಯರು ಒರಳಿಗೆ ಪೂಜೆ ಮಾಡಿ ಅರಿಶಿನ ಕುಟ್ಟಿದ ಮೇಲೆಯೇ. ಎಲ್ಲರ ಮನೆಗೂ ಮಿಕ್ಸಿ ಬಂದು ಅವಳ ಬೀದಿಯಲ್ಲಿ ಒರಳೇ ಇಲ್ಲವಾಗಿತ್ತು. ಅಜ್ಜಿಯ ಒರಳಿನಲ್ಲೇ ಕುಟ್ಟಬೇಕೆಂದು ಮೊಮ್ಮಗಳ ಆಸೆಯಂತೆ. ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ, ಅತ್ತೆ ಫೋನಿನಲ್ಲಿ ಹೇಳಿದ್ದು ಕೇಳಿಸಿತು: “ಅದು ಖಾಲಿ ಇಲ್ಲ ಕಣವ್ವ. ಅದರಾಗೆ ಟಿ.ವಿ. ನಿಂತೈತೆ. ಬೇರೆ ಎಲ್ಲಾದ್ರೂ ನೋಡ್ಕ.”

ದನಿಯಲ್ಲಿ ದೂರಿರಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿಲ್ಲ ಎಂದಷ್ಟು ಸಹಜವಾಗಿ ಹೇಳಿದ್ದರು. ಒಂದು ಉತ್ತರಪತ್ರಿಕೆಗೆ ಆ ಗಳಿಗೆಯಲ್ಲಿ ನಾನು ಎಷ್ಟು ಅಂಕ ಕೊಟ್ಟೆನೋ ದೇವರೇ ಬಲ್ಲ. ಆ ವಿದ್ಯಾರ್ಥಿಗೆ ನಷ್ಟವಾಗಿರಲಾರದು. ಎದ್ದು ಹೋಗಿ, ಒರಳು ಬಿಡಿಸಿಕೊಡುತ್ತೇವೆ, ಮದುವೆಗೆ ಕಳಿಸೋಣ ಎಂದೆ. ಅತ್ತೆ ನನ್ನನ್ನು ಒಮ್ಮೆ ನೋಡಿ, “ಈಗ ಕಿತ್ರೆ ಬರಾಕಿಲ್ಲ. ನಾಕು ದಿನ ನೀರು ಹಾಕೋದು ಬ್ಯಾಡ. ಒಣಗಿದ್ರೆ ತಾನೇ ಬುಟ್ಕೊತದೆ,” ಎಂದರು.

ನಾಲ್ಕು ದಿನ ಅತ್ತೆ ಚೊಂಬು ಹಿಡಿದು ಬಾಲ್ಕನಿಗೆ ಹೋಗಲಿಲ್ಲ. ಐದನೆಯ ದಿನ ಬೆಣೆ ಹಾಲುಹಲ್ಲಿನಂತೆ ಕೈಗೆ ಬಂತು. ನಾಗರಾಜ ಎಣ್ಣೆಯ ಡಬ್ಬವೊಂದಕ್ಕೆ ಸಿಮೆಂಟು ತುಂಬಿ ಕೊಳವೆಯನ್ನು ಅದರಲ್ಲಿ ನಿಲ್ಲಿಸಿಟ್ಟ. ಡಬ್ಬ ಗಾಳಿಗೂ ಬಗ್ಗಲಿಲ್ಲ, ಬಿಸಿಲಿಗೂ ಸಡಿಲಾಗಲಿಲ್ಲ. ಇಷ್ಟು ಸುಲಭದ ಉಪಾಯ ಮೊದಲೇ ಏಕೆ ಹೊಳೆಯಲಿಲ್ಲ ಎಂದು ನೀವು ಕೇಳುವುದು ನ್ಯಾಯವೇ. ಒರಳು ಕಣ್ಣ ಮುಂದೆ ಇದ್ದದ್ದರಿಂದ ಹೊಳೆಯಲಿಲ್ಲ, ಅಷ್ಟೆ.

ಒರಳು ಮತ್ತೆ ಲಗೇಜ್ ಆಟೋ ಹತ್ತಿ ಬೈರಾಪಟ್ಟಣಕ್ಕೆ ಹೋಯಿತು. ಗುಳಿಯ ಅಂಚಿಗೆ ಅಂಟಿದ್ದ ಅರಗಿನ ಗೆರೆ ಉಜ್ಜಿದರೂ ಹೋಗಿರಲಿಲ್ಲ. ಕುಟ್ಟಿದ ಅರಿಶಿನದಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ ಕಂಡು, ಕುಂಕುಮ ಬೆರೆತಂತಿದೆ, ಶುಭ ಎಂದು ಹೆಂಗಸರು ಅಂದುಕೊಂಡರು. ಅತ್ತೆ ಮಾತ್ರ ನನ್ನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡದ್ದು ನಗುವುದಕ್ಕೇ ಎಂದು ನಂಬಿದ್ದೇನೆ.

ಈಗ ಕಲ್ಲು ಹಿಂದಿರುಗಿ ಬಂದು ತನ್ನ ಮೂಲೆಯಲ್ಲಿದೆ, ಪಕ್ಕದಲ್ಲಿ ಸಿಮೆಂಟಿನ ಡಬ್ಬ. ಬಿಗಿ ಮಾಡಲು ಬೆಣೆಯಿಲ್ಲದಿದ್ದರೂ ಅತ್ತೆ ದಿನಾ ಒಂದು ಚೊಂಬು ನೀರು ಸುರಿಯುತ್ತಾರೆ. ಗುಬ್ಬಚ್ಚಿಗಳು ಬಂದು ಕುಡಿಯುತ್ತವೆ. ಬಸ್ಸಿನ ಕಿಟಕಿಯಿಂದ ನಾನು ಈಗಲೂ ಡಿಶ್ಶುಗಳನ್ನು ನೋಡುತ್ತೇನೆ, ಆದರೆ ಮುಖ ಎತ್ತ ಕಡೆಗಿದೆ ಎಂದಲ್ಲ. ಕಾಲು ಯಾವುದರ ಮೇಲೆ ಊರಿದೆ ಎಂದು. ದಿನಚರಿಯ ಆ ವಾಕ್ಯವನ್ನು ಹೊಡೆದುಹಾಕಲು ಎರಡು ಸಲ ಪೆನ್ನು ತೆಗೆದೆ, ಎರಡು ಸಲವೂ ಮುಚ್ಚಿಟ್ಟೆ. ಸಾಕ್ಷಿಯನ್ನೇ ಕೇಳಿಬಿಡುವುದು ಮೇಲೆಂದು ಮೊನ್ನೆ, ಅತ್ತೆ ಚೊಂಬು ಬಗ್ಗಿಸಿದ್ದಾಗ ಕೇಳಿದೆ. “ಒಲೆ ಮ್ಯಾಲೆ ಹಾಲೈತೆ, ನೋಡೋಗವ್ವ,” ಎಂದರು. ಹೋಗಿ ನೋಡಿದರೆ ಹಾಲಿತ್ತು, ಒಲೆ ಹಚ್ಚಿರಲಿಲ್ಲ. ತಿರುಗಿ ಬಂದಾಗ ಅವರು ಬೇರೆ ಮಾತಿಗೆ ಹೊರಳಿದ್ದರು, ನಾನೂ ಒತ್ತಾಯಿಸಲಿಲ್ಲ. ಕೇಳಿದ್ದು ಇಷ್ಟೇ:

“ಅತ್ತೆ, ಅವತ್ತು ನೀವು ಮೊರ ಎತ್ಕೊಂಡಿದ್ದು ನಾನು ನಾಗರಾಜನ್ನ ಕೇಳೋಕೆ ಮುಂಚೆಯಾ, ಕೇಳಿದ ಮೇಲಾ?”