ಗಂಧದ ಕೊಂಬೆಗೆ ಕಟ್ಟಿದ ಬಟ್ಟೆ

ಸಾಯುತ್ತಿರುವ ಗಂಧದ ಮರದ ಸುತ್ತ ತಿರುಗುವವನು ಒಂದೋ ಕಳ್ಳ, ಇಲ್ಲವೇ ಕಳ್ಳನನ್ನು ಹಿಡಿಯಲು ಬಂದ ಪೊಲೀಸಿನವನು. ಮಡಕಶಿರದ ಕಡೆಯ ಆ ಹಳ್ಳಿಯವರು ನನ್ನನ್ನು ಕಂಡು ಹಾಗೇ ಲೆಕ್ಕ ಹಾಕಿದ್ದರು. ಬ್ರಿಟಿಷರ ಕಾಲ, ಗಂಧ ಮುಟ್ಟಿದರೆ ಜೈಲೆಂದು ಎಲ್ಲರಿಗೂ ಭಯ. ನಾನು ರಾಯದುರ್ಗದವನು, ಸಸ್ಯಶಾಸ್ತ್ರದಲ್ಲಿ ಬಿ.ಎ. ಮುಗಿಸಿದ್ದೆ, ಆಗ ವಿಜ್ಞಾನಕ್ಕೂ ಅದೇ ಪದವಿ. ಅಲ್ಲಿನ ಗುಡ್ಡದ ಗಂಧದ ಮರಗಳಿಗೆ ವಿಚಿತ್ರ ರೋಗ ಬಂದಿತ್ತು. ಎಲೆ ಸಣ್ಣಗಾಗಿ ಸೆಟೆದು ನಿಂತು, ಕೊನೆಗೆ ಮರವೇ ಒಣಗುತ್ತಿತ್ತು. ಕೆಲವು ಕೊಂಬೆಗಳನ್ನು ಆರಿಸಿ, ಅವೇ ಕೊಂಬೆಗಳ ಎಲೆಗಳನ್ನು ವರ್ಷವಿಡೀ ಅಳೆದು ತಂದರೆ ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಿದ್ದರು ಮದರಾಸಿನ ಪ್ರೊಫೆಸರು. ನನ್ನಂಥವನಿಗೆ ಅಂಥ ಅವಕಾಶ ಮತ್ತೆ ಸಿಗುವಂತಿರಲಿಲ್ಲ.

ಗುರುತಿಗೆಂದು ಕೊಂಬೆಗಳಿಗೆ ತಗಡಿನ ಬಿಲ್ಲೆ ಕಟ್ಟಿದೆ. ವಾರದೊಳಗೆ ಮಾಯ. ಹಾಳಾದವರು! ಆಮೇಲೆ ಬಟ್ಟೆಯ ಚೂರು ಕಟ್ಟಿದೆ. ರೋಗದ ಕೊಂಬೆಗೆ ಕೆಂಪು, ಚೆನ್ನಾಗಿರುವುದಕ್ಕೆ ಹಳದಿ. ಅವನ್ನು ಯಾರೂ ಮುಟ್ಟಲಿಲ್ಲ. ಯಾಕೆ ಮುಟ್ಟುತ್ತಿಲ್ಲ ಎಂದು ಅದಕ್ಕೂ ನನಗೆ ಅನುಮಾನವೇ.

ಊರಿನಲ್ಲಿ ನನ್ನನ್ನು ನಂಬಿದವಳು ಒಬ್ಬಳೇ. ಮಲಗಲು ಜಗಲಿಯಲ್ಲಿ ಜಾಗ ಕೊಟ್ಟು, ದಿನಾ ಒಳಗೆ ಕರೆದು ಮುದ್ದೆ ಹಾಕುತ್ತಿದ್ದ ಅಜ್ಜಿ. ಯಾರಾದರೂ ಕೊಂಕು ಆಡಿದರೆ, "ಸುಮ್ಕಿರ್ರೋ, ಆ ಹುಡುಗನ ಮ್ಯಾಲೆ ಇಲ್ಲದ್ದು ಹೇಳಿದ್ರೆ ನಿಮ್ ಬಾಯಿಗೆ ಹುಳ ಬೀಳ" ಎಂದು ಗದರುತ್ತಿದ್ದಳು.

ಕೊನೆಯ ಅಳತೆಯೊಂದು ಬಾಕಿಯಿದ್ದಾಗ ಪ್ರೊಫೆಸರಿಂದ ಕಾಗದ ಬಂತು, ಮುಗಿಸಿಕೊಂಡು ಬಾ ಎಂದು. ಖುಷಿ ತಡೆಯಲಾರದೆ, ನನ್ನ ಆಸೆ ಕೈಗೂಡಿತೆಂದು ಅಜ್ಜಿಗೆ ಹೇಳಿದೆ. ಮರುದಿನ ಗುಡ್ಡ ಹತ್ತಿದರೆ ಒಂದು ಕೊಂಬೆಯ ಮೇಲೂ ಬಟ್ಟೆಯಿಲ್ಲ! ಯಾವ ಕೊಂಬೆ ಯಾವುದೆಂದು ಇನ್ನು ಹೇಗೆ ಹೇಳಲಿ? ನನಗೆ ಅಳುವೇ ಬಂತು. ಎದುರಿಗೆ ಬಂದ ಫಾರೆಸ್ಟ್ ಗಾರ್ಡನನ್ನು ಕೇಳಿದೆ. "ಬಟ್ಟೆ ತಾನೆ ಸಾಮಿ ಹೋಗಿದ್ದು, ಮರ ಅಲ್ವಲ್ಲ" ಎಂದು ಹಲ್ಲು ಕಿರಿದ. ಇವನದೇ ಕೆಲಸ ಎಂದು ಖಾತ್ರಿಯಾಯಿತು. ಅವನನ್ನು ಬೈಯುತ್ತಲೇ ಊರಿಗೆ ಇಳಿದೆ.

ಅಜ್ಜಿ ಅಂಗಳದಲ್ಲಿ ಆ ಚೂರುಗಳನ್ನೆಲ್ಲ ಒಗೆದು ಹರವುತ್ತಿದ್ದಳು.

"ಯಾಕ ಬಿಚ್ಚಿದ್ರಿ ಅವ್ವಾ?"

"ನಿನ್ ಹರಕೆ ತೀರ್ತಲ್ಲಪ್ಪ! ತೀರಿದ್ ಮ್ಯಾಲೆ ಬಿಚ್ಚದಿದ್ರೆ ದೇವ್ರು ಕೊಟ್ಟಿದ್ನ ವಾಪಸ್ ತಕ್ಕಂತಾನೆ. ನೀನು ಮರ್ತೀಯ ಅಂತ ನಾನೇ ಬಿಚ್ಕಂಡ್ ಬಂದೆ."

"ಹರಕೆ ಅಲ್ರಿ ಅದು!" ಎಂದು ಚೀರಿದೆ. "ಮರ ಹೆಂಗ ಸಾಯ್ತಾವ ಅಂತ ನೋಡಾಕ ಕಟ್ಟಿದ್ದೆ!"

ಅಜ್ಜಿಯ ಕೈ ನಿಂತಿತು. "ಒಂದ್ ವರ್ಸ ನೋಡ್ತಾ ಕುಂತಿದ್ದಾ? ಮದ್ದು ಹಾಕ್ಲಿಲ್ವಾ?"

ಆ ರೋಗಕ್ಕೆ ಮದ್ದೇ ಇಲ್ಲವೆಂದೆ. ಅವಳು ಹಳದಿ ಚೂರೊಂದನ್ನು ಎತ್ತಿ ಹಿಡಿದಳು.

"ಇದು ಚೆನ್ನಾಗಿರೋ ಮರಕ್ಕೆ ಕಟ್ಟಿದ್ದಲ್ವಾ? ಇವು ಯಾವಾಗ ಸಾಯ್ತವೆ ಅಂತ್ಲಾ?"

ಹೌದು ಎನ್ನುವುದೇ ಸರಿಯಾದ ಉತ್ತರವಾಗಿತ್ತು. ಮದರಾಸು ಕೈತಪ್ಪಿತೆಂಬ ಸಂಕಟ ಕೂಡ ಆ ಗಳಿಗೆಯಲ್ಲಿ ಹಿಂದೆ ಸರಿಯಿತು. ಅಂದು ಸಂಜೆ ಅವಳು ಮುದ್ದೆಯ ತಟ್ಟೆಯನ್ನು ಹೊಸ್ತಿಲಾಚೆ ಇಟ್ಟು, ನನ್ನ ಮುಖ ನೋಡದೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.